ಕೀವಿಗೆ ಸಕ್ಕರೆ ಹಂಚಿದ ದಿನ

ಅತ್ತೆ ಹೋಗಿ ವರ್ಷ ತುಂಬುತ್ತ ಬಂತು. ಕೊನೆಯ ತಿಂಗಳುಗಳಲ್ಲಿ ಅವರು ಹಾಸಿಗೆ ಹಿಡಿದಿದ್ದರು, ಮಾತು ತೊದಲುತ್ತಿತ್ತು. ಆ ಅತ್ತೆ ನನಗೆ ಅಷ್ಟಾಗಿ ನೆನಪಾಗುವುದಿಲ್ಲ. ನೆನಪಾಗುವುದು ಹಡಪಸರದ ಹಳೆಯ ಮನೆಯ ಹೊಸ್ತಿಲ ಬಳಿ ಕಾಲು ಚಾಚಿ ಕುಳಿತು, ಬಂದವರನ್ನೆಲ್ಲ ಮೇಲಿಂದ ಕೆಳಗೆ ನೋಡುತ್ತಿದ್ದ ಅತ್ತೆ. ಮಗಳು ಆಗ ಸಣ್ಣವಳು. ಅವಳ ರಕ್ತದಲ್ಲಿ ದೋಷವಿತ್ತು. ನಾವೆಲ್ಲ ಹೆದರಿಕೊಂಡೇ ಬದುಕಿದ ಕಾಲ ಅದು. ಅಂಥ ಕಾಲವನ್ನು ಯಾರೂ ಮತ್ತೆ ಬೇಕೆಂದು ಕೇಳುವುದಿಲ್ಲ. ಆದರೂ ಮಧ್ಯಾಹ್ನ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ನನ್ನ ಮನಸ್ಸು ಅಲ್ಲಿಗೇ ಹೋಗಿ ಕೂರುತ್ತದೆ.

ತೊಂಬತ್ತರ ದಶಕದ ಮೊದಲಿಗೆ ನಾನು ಮದುವೆಯಾಗಿ ಪುಣೆಗೆ ಬಂದೆ. ಹಡಪಸರದ ಒಂದು ಚಾಳಿನಲ್ಲಿ, ಅಂದರೆ ವಠಾರದಲ್ಲಿ, ಎರಡು ಖೋಲಿಯ ಮನೆ. ಅಂಗಳದ ನಲ್ಲಿ ಎಲ್ಲರಿಗೂ ಒಂದೇ. ನಲ್ಲಿಯ ಹತ್ತಿರ ಮರಾಠಿ, ಹೊಸ್ತಿಲು ದಾಟಿದರೆ ಕನ್ನಡ. ನನ್ನ ಗಂಡ ಹತ್ತಿರದ ಒಂದು ಕಾರ್ಖಾನೆಯಲ್ಲಿ ಹಾಜರಿ ಬರೆಯುವ ಗುಮಾಸ್ತರು. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಅತ್ತೆಯ ತವರು ಆಳಂದದ ಕಡೆಯ ಒಂದು ಹಳ್ಳಿ. ಅಲ್ಲಿ ಅವರ ಅಣ್ಣ ಇದ್ದರು. ಅವರಿಗೆ ಇವರು ಒಬ್ಬರೇ ತಂಗಿ.

ಅಮಾವಾಸ್ಯೆ ಸೋಮವಾರ ಬಿದ್ದರೆ ಆ ಅಣ್ಣ ಊರಿನ ಜನರನ್ನು ಕಟ್ಟಿಕೊಂಡು ಜೇಜುರಿಯ ಖಂಡೋಬಾನ ದರ್ಶನಕ್ಕೆ ಬರುತ್ತಿದ್ದರು. ಸೊಲ್ಲಾಪುರದ ಕೆಂಪು ಬಸ್ಸಿನಲ್ಲಿ ಹಡಪಸರಕ್ಕೆ ಬಂದು ಇಳಿದು, ಒಂದು ದಿನ ನಮ್ಮಲ್ಲಿ ಉಳಿದು, ಮರುದಿನ ಸಾಸವಡದ ಮೇಲೆ ಜೇಜುರಿಗೆ ಹೋಗುವುದು ರೂಢಿ. ಅವರು ಮಲ್ಲಯ್ಯ ಅನ್ನುವ ದೇವರೂ ಇಲ್ಲಿಯವರು ಖಂಡೋಬಾ ಅನ್ನುವ ದೇವರೂ ಒಬ್ಬನೇ. ಆ ದಿನ ನಮ್ಮ ಮನೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಅತ್ತೆ ಬೆಳಗಿನಿಂದ ರೊಟ್ಟಿ ಬಡಿಯುತ್ತಿದ್ದರು. ಯಾರಾದರೂ ಸಾಕು ಎಂದರೆ ಸಿಟ್ಟು ಬರುತ್ತಿತ್ತು. "ಪುಣಾಕ್ಕ ಬಂದು ಹೊಟ್ಟಿ ಸಣ್ಣದು ಮಾಡ್ಕೊಂಡ್ರೇನು? ಉಣ್ರಿ ಸುಮ್ಕ" ಎಂದು ಇನ್ನೊಂದು ರೊಟ್ಟಿ ಹಾಕುತ್ತಿದ್ದರು. ಚಾಳಿನ ಹೆಂಗಸರು ನೋಡಲಿ ಎಂದೇ ಬಾಗಿಲನ್ನು ಪೂರ್ತಿ ತೆರೆದಿಡುತ್ತಿದ್ದರು. ತಮ್ಮ ಮನೆಗೆ ಇಷ್ಟು ಜನ ಬರುತ್ತಾರೆ ಎನ್ನುವುದೇ ಅವರ ದೊಡ್ಡ ಆಸ್ತಿಯಾಗಿತ್ತು.

ಮಗಳು ಕೂರಲು ಕಲಿತ ಹೊತ್ತಿಗೆ ಕಿವಿ ಚುಚ್ಚಿಸಿದೆವು. ಪೇಟೆಯ ಅಕ್ಕಸಾಲಿಗ ಬಂಗಾರದ ತಂತಿ ಹಾಕಿ ಕೊಟ್ಟ. ಮನೆಗೆ ಬಂದ ಮೇಲೆ ಅತ್ತೆ ಜೇಜುರಿಯಿಂದ ತಂದಿಟ್ಟ ಭಂಡಾರವನ್ನು, ಅಂದರೆ ದೇವರ ಅರಿಶಿನವನ್ನು, ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಎರಡೂ ಕಿವಿಗೆ ಹಚ್ಚಿದರು. ಎಡಗಿವಿ ಮಾಯಿತು. ಬಲಗಿವಿ ಕೆಂಪಾಯಿತು, ಬಿಸಿಯಾಯಿತು, ಮುಟ್ಟಿದರೆ ಕೂಸು ಚೀರುತ್ತಿತ್ತು. ಆದರೆ ಕೀವು ಆಗಲಿಲ್ಲ. ನಮ್ಮ ಕಡೆ ಕಿವಿ ಚುಚ್ಚಿದ ಮೇಲೆ ಎಲ್ಲ ಮಕ್ಕಳಿಗೂ ಅಷ್ಟೋ ಇಷ್ಟೋ ಕೀವಾಗುತ್ತದೆ, ಬೆಚ್ಚಗಿನ ನೀರಿನಲ್ಲಿ ತೊಳೆಯುತ್ತಾರೆ, ಒಣಗುತ್ತದೆ. ಇವಳ ಕಿವಿಯಲ್ಲಿ ಒಂದು ಹನಿಯೂ ಇಲ್ಲ.

ಅತ್ತೆ ನಲ್ಲಿಯ ಹತ್ತಿರ ಎಲ್ಲರಿಗೂ ಹೇಳಿದರು. ನನ್ನ ಮುಂದೆಯೂ ದಿನಾ ಅದೇ ಮಾತು. "ನೋಡು, ಕೀವು ಅಂಬೋದ ಇಲ್ಲ. ಮಲ್ಲಯ್ಯನ ಭಂಡಾರ ಅಂದ್ರ ಸುಮ್ಕಲ್ಲ."

ನಾನೂ ನಂಬಿದೆ. ಜ್ವರ ಬಂದು ಹೋಗುತ್ತಿತ್ತು, ಹಲ್ಲು ಬರುತ್ತಿರಬೇಕು ಅಂದುಕೊಂಡೆವು. ಆಮೇಲೆ ಒಂದು ಬೆಳಿಗ್ಗೆ ಬಲಗೆನ್ನೆ ಪೂರ್ತಿ ಊದಿಕೊಂಡಿತ್ತು. ಕೂಸು ಅಳುವುದನ್ನೂ ಬಿಟ್ಟಿತ್ತು. ಹಾಲು ಕುಡಿಯಲಿಲ್ಲ. ಪಕ್ಕದ ಮನೆಯ ಮಾವಶಿ ಒಳಗೆ ಬಂದು ನೋಡಿದವಳೇ ರಿಕ್ಷಾ ಕರೆಯಲು ಓಡಿದಳು.

ದೊಡ್ಡ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು ಒಬ್ಬ ಹೆಂಗಸು. ಮಾತು ಕಡಿಮೆ. ಕಿವಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಪೂ ಆಲಾ ನಾಹೀ?" ಎಂದು ಕೇಳಿದರು. ಕೀವು ಬರಲಿಲ್ಲವೇ ಎಂದು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ತಮ್ಮ ಮರಾಠಿಯಲ್ಲಿ ಉತ್ತರ ಕೊಟ್ಟರು, "ನಾಹೀ ಬಾಯಿ! ದೇವಾಚಾ ಭಂಡಾರಾ ಲಾವ್ಲಾ!" ಇಲ್ಲ, ದೇವರ ಭಂಡಾರ ಹಚ್ಚಿದ್ದೇನೆ ಎಂದು. ಮುಖದಲ್ಲಿ ಹೆಮ್ಮೆ. ಡಾಕ್ಟರು ಸಿಟ್ಟಾಗಲಿಲ್ಲ. ನರ್ಸನ್ನು ಕರೆದು ರಕ್ತ ತೆಗೆಯಲು ಹೇಳಿದರು.

ಸಂಜೆ ನಮ್ಮನ್ನು ಕೂರಿಸಿ ಹೇಳಿದರು. ರಕ್ತದಲ್ಲಿ ಬಿಳಿ ಕಣಗಳಿರುತ್ತವೆ. ಗಾಯಕ್ಕೆ ರೋಗಾಣು ಬಂದರೆ ಅವುಗಳಲ್ಲಿ ಒಂದು ಜಾತಿಯ ಕಣಗಳು ಓಡಿ ಬಂದು ಕಾದಾಡುತ್ತವೆ, ಅಲ್ಲೇ ಸಾಯುತ್ತವೆ. ಹಾಗೆ ಸತ್ತ ಕಣಗಳೇ ಕೀವು. ಈ ಕೂಸಿನ ರಕ್ತದಲ್ಲಿ ಆ ಕಣಗಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕಾದಾಡುವವರೇ ಇಲ್ಲದ ಮೇಲೆ ಕೀವು ಎಲ್ಲಿಂದ ಬರಬೇಕು?

ನಾನು ಒಂದೊಂದು ಮಾತನ್ನೂ ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಮನೆಗೆ ಬಂದ ದಿನ ಭಂಡಾರದ ಡಬ್ಬಿಯನ್ನು ದೇವರ ಮಾಡದಲ್ಲಿಟ್ಟು, "ಇದು ಹಣಿಗೆ. ಗಾಯಕ್ಕಲ್ಲ" ಎಂದರು.

ಆದರೆ ಮನೆಗೆ ಬರುವ ಮೊದಲು ಆಸ್ಪತ್ರೆಯ ವಾಸ ಸಾಕಷ್ಟಾಯಿತು. ಸೊಂಟದ ಎಲುಬಿನಿಂದ ಮಜ್ಜೆ ತೆಗೆದು ನೋಡಿದರು. ರಕ್ತದ ಕ್ಯಾನ್ಸರ್ ಇರಬಹುದೇ ಎಂದು ಯಾರೂ ಬಾಯಿ ಬಿಟ್ಟು ಕೇಳಲಿಲ್ಲ, ಎಲ್ಲರ ತಲೆಯಲ್ಲೂ ಅದೇ ಇತ್ತು. ಗಂಡ ಕಾರಿಡಾರಿನಲ್ಲಿ ಗೋಡೆಗೆ ಮುಖ ಮಾಡಿ ನಿಂತಿರುತ್ತಿದ್ದರು. ಮಜ್ಜೆ ಚೆನ್ನಾಗಿದೆ, ಕಣಗಳು ತಯಾರಾಗುತ್ತಿವೆ, ಹೊರಗೆ ಬಂದ ಮೇಲೆ ಯಾರೋ ಅವನ್ನು ಕೊಲ್ಲುತ್ತಿದ್ದಾರೆ ಎಂದು ಡಾಕ್ಟರು ಹೇಳಿದಾಗ ಇವರು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು.

ಆ ಯಾರೋ ಯಾರು ಎಂದು ತಿಳಿಯಲು ರಕ್ತ ಮುಂಬೈಗೆ ಹೋಯಿತು. ನನ್ನ ರಕ್ತವನ್ನೂ ತೆಗೆದುಕೊಂಡರು. ಅದರಿಂದ ನನಗೆ ಇನ್ನೂ ಹೆದರಿಕೆಯಾಯಿತು. ಕೆಲವು ತಾಯಂದಿರ ರಕ್ತ ಮಕ್ಕಳ ರಕ್ತಕ್ಕೆ ಆಗಿಬರುವುದಿಲ್ಲ ಎಂದು ವಾರ್ಡಿನಲ್ಲಿ ಯಾರೋ ಅಂದಿದ್ದರು. ಮಗಳು ಅತ್ತರೂ ನಾನು ಮೊಲೆಯೂಡಲು ಹಿಂಜರಿಯುತ್ತಿದ್ದೆ. ಅತ್ತೆಗೆ ಗೊತ್ತಾಯಿತು. "ಹಾಲಿನ ಮ್ಯಾಲ ಹಾಕಬ್ಯಾಡ" ಎಂದರು. "ಹಾಲು ಏನ್ ಮಾಡ್ಯದ ಪಾಪ? ಕುಡಸು."

ಮುಂಬೈಯಿಂದ ಉತ್ತರ ಬಂದ ಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಬಿಳಿ ಕಣದ ಮೈಮೇಲೆ ಸಣ್ಣ ಸಣ್ಣ ಗುರುತುಗಳಿರುತ್ತವೆ. ಆ್ಯಂಟಿಜನ್ ಅನ್ನುತ್ತಾರೆ. ಅವು ತಾಯಿಯಿಂದಲೂ ತಂದೆಯಿಂದಲೂ ಬರುತ್ತವೆ. ತಂದೆಯಿಂದ ಬಂದ ಗುರುತು ತಾಯಿಯ ಮೈಗೆ ಪರಕೀಯವಾಗಿ ಕಂಡು, ಹೊಟ್ಟೆಯಲ್ಲಿದ್ದಾಗಲೇ ತಾಯಿಯ ರಕ್ತ ಕೂಸಿನ ಕಣಗಳ ಮೇಲೆ ತಿರುಗಿಬೀಳುವುದು ಉಂಟು. ಅದು ಹುಟ್ಟಿದ ಕೂಡಲೇ ಕಾಣಿಸಿ ಕೆಲವು ತಿಂಗಳಲ್ಲಿ ಹೋಗುತ್ತದೆ. ಇದು ಅದಲ್ಲ. ನನ್ನ ರಕ್ತದಲ್ಲಿ ಏನೂ ಸಿಗಲಿಲ್ಲ. ಇಲ್ಲಿ ಮಗಳ ಮೈಯೇ ತನ್ನ ಕಣಗಳ ಮೇಲಿನ ಒಂದು ಗುರುತನ್ನು ಹಗೆಯ ಗುರುತು ಎಂದು ತಿಳಿದಿದೆ. ಸಣ್ಣ ಮಕ್ಕಳಲ್ಲಿ ಇದು ಸಾಮಾನ್ಯವಾಗಿ ಎರಡು ಮೂರು ವರ್ಷದೊಳಗೆ ತಾನಾಗಿಯೇ ಹೋಗುತ್ತದೆ. ಅಲ್ಲಿಯವರೆಗೆ ಕಾಯಬೇಕು. ಜ್ವರ ಬಂದರೆ ಮನೆಮದ್ದು ಮಾಡುತ್ತ ಕೂರದೆ ನೇರ ಆಸ್ಪತ್ರೆಗೆ ತರಬೇಕು. ಕೆಮ್ಮು, ನೆಗಡಿ, ಹುಣ್ಣು ಇದ್ದವರು ಹತ್ತಿರ ಬರಬಾರದು. ಜಾತ್ರೆ, ಮದುವೆ, ಗದ್ದಲ ಬೇಡ. ಮೈಮೇಲೆ ಎಲ್ಲೂ ಗಾಯ ಆಗಬಾರದು.

ಮನೆಯಲ್ಲಿ ಗಂಡ ಇದನ್ನು ಅತ್ತೆಗೆ ತಮ್ಮ ರೀತಿಯಲ್ಲಿ ವಿವರಿಸಿದರು. "ನೋಡವ್ವಾ, ನಮ್ಮ ಫ್ಯಾಕ್ಟರಿ ಮಂದಿ ಎದಿ ಮ್ಯಾಲ ಬಿಲ್ಲೆ ಹಚ್ಕೊಂಡು ಬರ್ತಾರಲ್ಲ? ಗೇಟಿನ್ಯಾಗ ವಾಚಮನ್ ಬಿಲ್ಲೆ ನೋಡಿ ಒಳಗ ಬಿಡ್ತಾನ. ಈಗ ಅಂವಗ ತಲಿ ಕೆಟ್ಟು, ನಮ್ಮ ಮಂದೀ ಬಿಲ್ಲೆನ ಕಳ್ಳರ ಬಿಲ್ಲೆ ಅಂತ ತಿಳಕೊಂಡು ನಮ್ಮವರಿಗೇ ಬಡಿಯಾಕ ಹತ್ಯಾನ."

"ಕುಡದಾನೇನು ಅಂವ?" ಅತ್ತೆ ಕೇಳಿದರು.

"ಹಂಗೇ ತಿಳಕೋ."

"ಹಂಗಾರ ಇಳೀತದ. ಇಳಿಯೋ ತನಕ ಕಾಯೋದು." ಆಮೇಲೆ ಸೆರಗು ಸಿಕ್ಕಿಸಿಕೊಂಡು, "ನಾ ಕಾಯ್ತೀನಿ" ಎಂದರು.

ಹೊಸ್ತಿಲ ಹೊರಗೆ ಒಂದು ಬಕೆಟ್ಟು, ತಂಬಿಗೆ, ಕೆಂಪು ಸಾಬೂನು ಬಂದವು. ಯಾರೇ ಬಂದರೂ ಮೊಣಕೈವರೆಗೆ ತೊಳೆದುಕೊಳ್ಳಬೇಕು. ಒಮ್ಮೆ ಮನೆ ಬಾಡಿಗೆಗೆ ಬಂದ ಮಾಲೀಕನೂ ತೊಳೆದುಕೊಂಡ. ಯಾರಾದರೂ ಗಂಟಲು ಸರಿಮಾಡಿಕೊಂಡರೆ ಸಾಕು, "ಕಾಯ್ ಝಾಲಾ? ಖೋಕಲಾ?" ಏನಾಯಿತು, ಕೆಮ್ಮೇ ಎಂದು ಎದ್ದು ನಿಲ್ಲುತ್ತಿದ್ದರು. ಚಾಳಿನ ಹೆಂಗಸರು ಅವರಿಗೆ ವಾಚಮನ್ ಆಜಿ ಎಂದು ಹೆಸರಿಟ್ಟರು. ಅತ್ತೆಗೆ ಅದು ಇಷ್ಟವಾಗಿಯೇ ಇತ್ತು. ಒಂದು ಸಲ ಗಂಡ ನೆಗಡಿ ಹಿಡಿಸಿಕೊಂಡು ಕೆಲಸದಿಂದ ಬಂದರೆ, ಅತ್ತೆ ಒಳಗೆ ಬಿಡದೆ ಊಟದ ಡಬ್ಬಿ ಮತ್ತು ಹಾಸಿಗೆಯ ಸುರುಳಿ ಕೊಟ್ಟು ಗೆಳೆಯನ ಖೋಲಿಗೆ ಕಳಿಸಿದರು.

"ಅವ್ವಾ, ನನ್ನ ಮನೀರಿ ಇದು" ಎಂದರು ಇವರು, ಬಹುವಚನ ಹಚ್ಚಿ.

"ಹೌದ್ರಿ ಸಾಹೇಬ್ರ. ಮೂಗು ಒರಸ್ಕೊಂಡು ಹೋಗ್ರಿ."

ಅತ್ತೆಗೆ ಓದು ಬರುತ್ತಿರಲಿಲ್ಲ. ಆದರೆ 'ಕೌಂಟ್' ಅನ್ನುವ ಶಬ್ದ ಅವರ ಬಾಯಲ್ಲಿ ಜೋಳ, ಬೆಲ್ಲದ ಹಾಗೆ ಆಡತೊಡಗಿತು. ರಕ್ತ ಪರೀಕ್ಷೆಯಿಂದ ಬಂದ ಕೂಡಲೇ, "ಕೌಂಟ್ ಹ್ಯಾಂಗ ಅದ?" ನಾವು ಕಡಿಮೆ ಎಂದರೆ, "ಇರ್ಲಿ, ನಾ ಇದ್ದೀನಲ್ಲ" ಎನ್ನುತ್ತಿದ್ದರು, ಕೊರತೆ ಬಿದ್ದ ಕಣಗಳ ಜಾಗದಲ್ಲಿ ತಾವೇ ನಿಲ್ಲುವವರಂತೆ.

ಮಗಳ ಜಾವಳ, ಅಂದರೆ ಹುಟ್ಟುಗೂದಲು ತೆಗೆಸುವುದು, ಜೇಜುರಿಯಲ್ಲಿ ಎಂದು ಅತ್ತೆ ಹರಕೆ ಹೊತ್ತಿದ್ದರು. ಬೆಸ ವರ್ಷದಲ್ಲಿ ಆಗಬೇಕು, ನಮ್ಮ ಮನೆತನದಲ್ಲಿ ಮೂರನೆಯದರಲ್ಲಿ. ಅಲ್ಲಿಯವರೆಗೆ ಕೂದಲಿಗೆ ಕತ್ತರಿ ತಾಗಿಸುವಂತಿಲ್ಲ. ಕೂದಲು ಬೆಳೆದು ಬೆನ್ನಿಗೆ ಬಂತು. ಬಿಸಿಲು ಬರುವ ಹೊತ್ತಿಗೆ ಅತ್ತೆ ಅವಳನ್ನು ಕಾಲ ನಡುವೆ ಕೂರಿಸಿಕೊಂಡು ಎಳೆ ಎಳೆ ಬಿಡಿಸಿ ಹೇನು ನೋಡುತ್ತಿದ್ದರು. ಒಂದು ಹೇನು ಕಡಿದು ಇವಳು ಕೆರೆದುಕೊಂಡರೆ ಗಾಯ. ಮಗಳು ಅವರನ್ನು ಆಯಿ ಎನ್ನುತ್ತಿದ್ದಳು. ನಮ್ಮ ಕಡೆ ಅಜ್ಜಿಯನ್ನು ಹಾಗೇ ಕರೆಯುವುದು. ಮರಾಠಿಯಲ್ಲಿ ಅದು ತಾಯಿ. ಹೊಸದಾಗಿ ಬಂದ ನೆರೆಯವರು, ಇಷ್ಟು ವಯಸ್ಸಾದ ಮೇಲೆ ಹೆತ್ತಿದ್ದಾಳೆ ಎಂದು ಅತ್ತೆಯನ್ನು ಬೆರಗಾಗಿ ನೋಡುತ್ತಿದ್ದರು. ಅತ್ತೆ ತಿದ್ದುತ್ತಿರಲಿಲ್ಲ.

ಮಗಳು ಮೂರನೆಯ ವರ್ಷಕ್ಕೆ ಕಾಲಿಟ್ಟ ಚಳಿಗಾಲದಲ್ಲಿ, ಎಷ್ಟು ಕಾದರೂ ಎಲ್ಲಿಂದಲೋ ಕೆಮ್ಮು ಒಳಗೆ ಬಂತು. ನ್ಯುಮೋನಿಯಾ. ಮೂಗಿಗೆ ಆಮ್ಲಜನಕದ ನಳಿಕೆ ಹಾಕಿದರು. ಮಗಳ ಪಕ್ಕೆಗಳು ಒಳಗೆ ಹೋಗಿ ಹೊರಗೆ ಬರುವುದನ್ನು ನೋಡುತ್ತ ನಾನೂ ಅತ್ತೆಯೂ ಮಂಚದ ಎರಡು ಬದಿ ಕುಳಿತಿದ್ದೆವು. ಉಳಿದಳು. ಮನೆಗೆ ಕಳಿಸುವಾಗ ಡಾಕ್ಟರು, ಇನ್ನೊಂದು ಸಲ ಇಂಥದ್ದು ಬಂದರೆ ನಾನು ಏನೂ ಹೇಳಲಾರೆ ಎಂದರು. ಆ ಮಾತನ್ನು ಅತ್ತೆಗೆ ಕನ್ನಡದಲ್ಲಿ ಹೇಳಬೇಕಾಗಿ ಬರಲಿಲ್ಲ.

ಆಮೇಲೆ ಹೆಚ್ಚು ದಿನ ಆಗಿರಲಿಲ್ಲ, ಸೋಮವಾರದ ಅಮಾವಾಸ್ಯೆ ಬಂತು. ಗದ್ದಲ ಬೇಡ, ಮನೆಗೆ ಬರಬೇಡಿ ಎಂದು ಅತ್ತೆ ಊರಿಗೆ ಹೇಳಿ ಕಳಿಸಿದ್ದರು. ಸುದ್ದಿ ಮುಟ್ಟಿತೋ ಇಲ್ಲವೋ, ಮುಟ್ಟಿಯೂ ನಮ್ಮ ತಂಗಿ ನಮಗೆ ಹೀಗೆ ಹೇಳುವಳೇ ಎಂದು ನಂಬಲಿಲ್ಲವೋ. ಅಂತೂ ಹಿಂದಿನ ದಿನ ಮಧ್ಯಾಹ್ನ ಅಣ್ಣ ಊರ ಜನರೊಂದಿಗೆ ಚಾಳಿನ ಅಂಗಳಕ್ಕೆ ಬಂದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಜೋಳದ ಹಿಟ್ಟಿನ ಚೀಲ, ಹಣೆ ತುಂಬ ಭಂಡಾರ. ಬಸ್ಸಿನ ಧೂಳಿಗೋ ಏನೋ, ಕೆಮ್ಮುತ್ತಿದ್ದರು.

ಅತ್ತೆ ಬಾಗಿಲ ಎರಡೂ ಕಡೆ ಕೈಯಿಟ್ಟು ನಿಂತರು.

"ಏನ್ ತಂಗೀ, ಬಾಗಲಾಗ ನಿಂತೀ? ಆರತಿ ಬೆಳಗ್ತೀ ಏನು ನಮಗ?" ಅಣ್ಣ ನಕ್ಕರು. ಹಿಂದಿದ್ದವರೂ ನಕ್ಕರು.

"ಅಣ್ಣಾ, ಒಳಗ ಬರಬ್ಯಾಡ."

"ಕೈ ತೊಳಕೋಬೇಕಂತಲ್ಲ, ಕೇಳೀನಿ. ತಾ ನೀರು."

"ಕೈ ಅಲ್ಲ. ನಿನಗ ಕೆಮ್ಮು ಅದ. ಇಷ್ಟು ಮಂದಿ ಬ್ಯಾಡ. ಹಿಂದಿನ ಗುಡಿ ಪಡಸಾಲಿ ಕೇಳಿಟ್ಟೀನಿ. ಅಡಗಿ ಆಗ್ಯದ. ಅಲ್ಲಿಗೇ ತಂದು ನೀಡ್ತೀನಿ. ಕೂಸು ಮೊನ್ನೆ ಸಾವಿನ ಬಾಗಲತನಕ ಹೋಗಿ ಬಂದದ, ಅಣ್ಣಾ."

ನಲ್ಲಿಯ ಹತ್ತಿರದ ಹೆಂಗಸರು ಕೊಡ ಬಿಟ್ಟು ನೋಡುತ್ತಿದ್ದರು. ಅಣ್ಣ ಅವರನ್ನೊಮ್ಮೆ ನೋಡಿದರು, ತಮ್ಮ ಜನರನ್ನೊಮ್ಮೆ ನೋಡಿದರು.

"ಊರ ಮಂದೀ ಮುಂದ ನನ್ನ ಅಂಗಳದಾಗ ನಿಂದ್ರಸ್ತೀ?"

"ನಿಂದ್ರಸ್ತೀನಿ."

"ಹೊರಗ ರೊಟ್ಟಿ ಹಾಕೋದು ನಾಯಿಗಿ, ತಂಗೀ."

ಅತ್ತೆ ಬಾಗಿಲಿನಿಂದ ಕೈ ತೆಗೆಯಲಿಲ್ಲ. ಅಣ್ಣ ಹಿಟ್ಟಿನ ಚೀಲವನ್ನು ಮೆಟ್ಟಿಲ ಮೇಲಿಟ್ಟು, ನೀರೂ ಮುಟ್ಟದೆ ಹೊರಟುಹೋದರು. ಅವರ ಕೆಮ್ಮು ರಸ್ತೆಯ ತಿರುವಿನವರೆಗೆ ಕೇಳಿಸುತ್ತಿತ್ತು. ಅತ್ತೆ ಬಾಗಿಲಲ್ಲಿ ಹಾಗೇ ನಿಂತಿದ್ದರು. ಒಳಗೆ ಬುಟ್ಟಿ ತುಂಬ ರೊಟ್ಟಿ, ಪಾತ್ರೆ ತುಂಬ ಬದನೆಕಾಯಿ. ಸಂಜೆ ಅದನ್ನೆಲ್ಲ ಚಾಳಿನ ಮನೆಮನೆಗೆ ಕೊಟ್ಟು ಬಂದೆ. ಅತ್ತೆ ಏನೂ ಉಣ್ಣಲಿಲ್ಲ. ಮಗಳು ಒಳಗಿನ ಖೋಲಿಯಲ್ಲಿ, ಇದೆಲ್ಲ ಏನೂ ತಿಳಿಯದೆ, ಚಮಚದಿಂದ ಡಬ್ಬಿ ಬಡಿಯುತ್ತಿದ್ದಳು.

ನಮ್ಮ ಕಡೆ ನಾಗರ ಪಂಚಮಿಗೆ ಅಣ್ಣ ತಮ್ಮಂದಿರು ಅಕ್ಕತಂಗಿಯರನ್ನು ತವರಿಗೆ ಕರೆಯಬೇಕು. ಎಷ್ಟೇ ವಯಸ್ಸಾಗಿರಲಿ, ಕರೆ ಬರಬೇಕು. ಅತ್ತೆಗೆ ಪ್ರತಿವರ್ಷ ಬರುತ್ತಿತ್ತು, ಹೋಗಲಿ ಬಿಡಲಿ. ಆ ವರ್ಷ ಬರಲಿಲ್ಲ. ಮಾವಶಿ ಕೇಳಿದಾಗ, ಊರಲ್ಲಿ ಮಳೆ ಬಹಳವಂತೆ ಎಂದು ಅತ್ತೆ ಹೇಳಿದರು. ಆ ಸಲ ಆ ಕಡೆ ಮಳೆಯೇ ಇರಲಿಲ್ಲ. ಮರುವರ್ಷವೂ ಕರೆ ಬರಲಿಲ್ಲ.

ಮೂರನೆಯ ವರ್ಷ ಜಾವಳವಿಲ್ಲದೆ ಕಳೆಯಿತು. ನಾವು ಕ್ಷೌರದ ಕತ್ತಿ ಎಂದ ಕೂಡಲೇ ಡಾಕ್ಟರು ಬೇಡವೆಂದು ಕೈ ಅಲ್ಲಾಡಿಸಿದ್ದರು. ಹರಕೆ ಮೀರಿದರೆ ಹೇಗೆ ಎಂದು ನಾನೇ ಅಳುಕಿದೆ. ಅತ್ತೆ ದೇವರ ಮಾಡದ ಮುಂದೆ ನಿಂತು, "ನಿನಗೇನ್ ಅವಸರ ಅದ? ಐದರಾಗ ತೊಗೋ" ಎಂದು ಗದರಿಸಿ ಬಂದರು.

ಮೂರು ತುಂಬಿ ಕೆಲವು ತಿಂಗಳಾಗಿದ್ದಾಗ ಮಗಳು ನಲ್ಲಿಯ ಕಟ್ಟೆಯ ಮೇಲೆ ಜಾರಿ ಬಿದ್ದಳು. ಮೊಣಕಾಲು ಕಿತ್ತುಹೋಯಿತು. ನಾನು ಓಡಿ ಹೋಗಿ ಆಸ್ಪತ್ರೆಗೆ ಎತ್ತಿಕೊಂಡು ಹೋದೆ. ಗಾಯ ತೊಳೆದು ಔಷಧಿ ಕೊಟ್ಟು ಕಳಿಸಿದರು. ಅತ್ತೆ ಹೊತ್ತುಹೊತ್ತಿಗೆ ಗಾಯ ನೋಡುತ್ತಿದ್ದರು. ಒಂದು ಬೆಳಿಗ್ಗೆ ಅವರ ಕೂಗು ಕೇಳಿ ಕೈಯಲ್ಲಿದ್ದ ಹಿಟ್ಟು ಬಿಟ್ಟು ಓಡಿದೆ.

"ಬಾ ಇಲ್ಲಿ! ಕೀವು! ಕೀವು ಆಗ್ಯದ!"

ಹೌದು. ಗಾಯದ ಅಂಚಿನಲ್ಲಿ ಬೆಳ್ಳಗೆ, ಸ್ವಲ್ಪ ಹಳದಿ, ಅಕ್ಕಿಕಾಳಿನಷ್ಟು. ನಾವಿಬ್ಬರೂ ಆ ಮೊಣಕಾಲಿನ ಮೇಲೆ ಬಗ್ಗಿ ನೋಡುತ್ತಿದ್ದೆವು. ಮಗಳು ನಮ್ಮ ಮುಖ ನೋಡಿ ಅಳಬೇಕೋ ನಗಬೇಕೋ ತಿಳಿಯದೆ ಕಾಲು ಅಲ್ಲಾಡಿಸಿದಳು. ಅತ್ತೆ ಸೀದಾ ಒಳಗೆ ಹೋಗಿ ಸಕ್ಕರೆಯ ಡಬ್ಬಿ ತಂದು ಚಾಳಿನ ಬಾಗಿಲು ಬಾಗಿಲಿಗೆ ಹೋದರು. "ಪೂ ಆಲಾ! ಪೂ ಆಲಾ! ಘ್ಯಾ ಸಾಖರ!" ಕೀವು ಬಂತೆಂದು ಸಕ್ಕರೆ ಹಂಚುವವರನ್ನು ಪುಣೆಯಲ್ಲಿ ಅದಕ್ಕೆ ಮೊದಲು ಯಾರೂ ಕಂಡಿರಲಿಕ್ಕಿಲ್ಲ. ಹೊಸ ಸೊಸೆಯೊಬ್ಬಳು ಸಕ್ಕರೆಯನ್ನು ಅಂಗೈಯಲ್ಲಿ ಹಿಡಿದು ತಿನ್ನಬೇಕೋ ಬಿಡಬೇಕೋ ಎಂದು ನಿಂತಿದ್ದಳು. ಮಾವಶಿ ಮಾತ್ರ ಬಾಯಿಗೆ ಹಾಕಿಕೊಂಡು ಅತ್ತೆಯನ್ನು ಅಪ್ಪಿಕೊಂಡಳು.

ಡಾಕ್ಟರಿಗೆ ಹೇಳಿದೆವು. ಅವರು ನಗುವುದನ್ನು ನಾನು ಮೊದಲ ಸಲ ನೋಡಿದೆ. ಗಾಯಕ್ಕೆ ಔಷಧಿ ಹಚ್ಚಿ, ರಕ್ತ ತೆಗೆದುಕೊಂಡರು. ಕಣಗಳು ಬಂದಿದ್ದವು. ಕೆಲವು ತಿಂಗಳು ಬಿಟ್ಟು ಮತ್ತೆ ನೋಡಿದರು, ಮತ್ತೆ ನೋಡಿದರು. ಹೆಚ್ಚುತ್ತಲೇ ಹೋದವು. ಏಕೆ ಹೀಗಾಯಿತು, ಏಕೆ ಹೋಯಿತು ಎಂದು ಕೇಳಿದರೆ, ಮೈ ತನ್ನದನ್ನು ಗುರುತಿಸಲು ಕಲಿತುಕೊಂಡಿತು, ಅಷ್ಟೇ ಹೇಳಬಲ್ಲೆ ಎಂದರು.

ಐದನೆಯ ವರ್ಷದಲ್ಲಿ, ಅಮಾವಾಸ್ಯೆಯೂ ಅಲ್ಲ, ಹುಣ್ಣಿಮೆಯೂ ಅಲ್ಲ, ಗದ್ದಲವಿಲ್ಲದ ಒಂದು ದಿನ ನೋಡಿ ಜೇಜುರಿಗೆ ಹೋದೆವು. ನನ್ನ ಅಣ್ಣ ಸೋದರಮಾವನಾಗಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡ. ಕೂದಲು ಗುಂಪು ಗುಂಪಾಗಿ ಬಿತ್ತು. ಎಳೆ ತಲೆ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಅತ್ತೆ ತಮ್ಮ ಅಣ್ಣನಿಗೂ ಹೇಳಿ ಕಳಿಸಿದ್ದರು. ಮೆಟ್ಟಿಲ ಕಡೆಗೆ ಆಗಾಗ ತಿರುಗಿ ನೋಡುತ್ತಿದ್ದರು. ಅವರು ಬರಲಿಲ್ಲ.

ಆ ವರ್ಷದ ಪಂಚಮಿಗೆ ಅತ್ತೆ, "ಕರಿಯಾಕ ಬರ್ಲಿಲ್ಲಂದ್ರ ನಾನೇ ಹೋಗ್ತೀನಿ" ಎಂದರು. ಕರೆಯದೆ ತವರಿಗೆ ಹೋಗುವುದು, ಅದೂ ಪಂಚಮಿಗೆ, ನಮ್ಮಲ್ಲಿ ಯಾರೂ ಮಾಡುವುದಿಲ್ಲ. ಮಗಳನ್ನೂ ನನ್ನನ್ನೂ ಕರೆದುಕೊಂಡು ಹೊರಟರು. ಮಗಳಿಗೆ ಅದು ಮೊದಲ ದೂರದ ಬಸ್ಸು. ಕಿಟಕಿಯ ಸರಳು ಹಿಡಿದು ಕಂಡದ್ದೆಲ್ಲದರ ಹೆಸರು ಕೇಳಿದಳು.

ಅತ್ತೆಯ ಅಣ್ಣ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದರು. ಬಹಳ ಸೊರಗಿದ್ದರು. ನಮ್ಮನ್ನು ನೋಡಿದರು. ಏಳಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಮಗಳ ಬೋಳು ತಲೆಯನ್ನು ನೋಡಿ ಹತ್ತಿರ ಕರೆದರು.

"ಏ ಬೋಳೀ, ನಿಮ್ಮ ಆಯಿಗಿ ಕೇಳು, ಚಹಾ ಕುಡೀತಾಳೇನು?"

ಮಗಳು ಎರಡು ಹೆಜ್ಜೆ ಬಂದು ಕೇಳಿದಳು. ಅತ್ತೆ ಅಲ್ಲೇ ನಿಂತು, "ನಿಮ್ಮ ಮುತ್ಯಾಗ ಹೇಳು, ಮಾರಿ ನೋಡಿ ಕೇಳಿದ್ರ ಕುಡೀತಾಳಂತ."

ಮಗಳು ಹೋಗಿ ಹೇಳಿದಳು.

"ನಿಮ್ಮ ಆಯಿಗಿ ಹೇಳು, ಮಾರಿ ನೋಡೋದು ಮುಗದದಂತ" ಎಂದು ಅಣ್ಣ ಕಟ್ಟೆಯ ಮೇಲೆ ಪೂರ್ತಿ ಆ ಕಡೆ ತಿರುಗಿ, ತಂಗಿಗೆ ಬೆನ್ನು ಮಾಡಿ ಕುಳಿತರು.

ಪಂಚಮಿಯ ದಿನ ನಾಗಪ್ಪನಿಗೆ ಎರೆದ ಹಾಲನ್ನು ತಂಗಿ ಅಣ್ಣನ ಬೆನ್ನಿಗೆ ಹಚ್ಚಬೇಕು, ಅವನ ಬೆನ್ನು ತಂಪಾಗಿರಲಿ ಎಂದು. ಅತ್ತೆ ಒಳಗೆ ಹೋಗಿ ಅತ್ತಿಗೆಯಿಂದ ಹಾಲಿನ ಬಟ್ಟಲು ಇಸಿದುಕೊಂಡು ಬಂದರು. "ಇರ್ಲಿ ಬಿಡು. ನನಗೂ ಬೆನ್ನೇ ಬೇಕಾಗಿತ್ತು" ಎಂದರು. ಅಂಗಿ ಸರಿಸಿ, ಎಲುಬು ಕಾಣುವ ಆ ಬೆನ್ನಿಗೆ ಹಾಲು ಹಚ್ಚತೊಡಗಿದರು. ಅಣ್ಣ ಅಲುಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ತಣ್ಣಗ ಅದ" ಎಂದರು. ಮಗಳ ಮೂಲಕ ಅಲ್ಲ, ನೇರವಾಗಿ.

"ಎರಡು ವರ್ಷದ್ದು ಒಮ್ಮೆ ಹಚ್ಚಾಕ ಹತ್ತೀನಿ. ಅದಕ್ಕ" ಎಂದರು ಅತ್ತೆ.

ಅಣ್ಣನ ಭುಜ ಅಲ್ಲಾಡಿತು. ನಗುವೋ ಅಳುವೋ ನನಗೆ ಕಾಣಲಿಲ್ಲ, ಮುಖ ಆ ಕಡೆ ಇತ್ತು. ಮಧ್ಯಾಹ್ನ ಅವರೇ ಬೇವಿನ ಮರಕ್ಕೆ ಹಗ್ಗ ಕಟ್ಟಿ ಮಗಳಿಗೆ ಜೋಕಾಲಿ ಮಾಡಿಕೊಟ್ಟರು. ಸಂಜೆಯ ಹೊತ್ತಿಗೆ ಅಣ್ಣ ತಂಗಿ ಇಬ್ಬರೂ ಯಾವುದೋ ಹಳೆಯ ಎಮ್ಮೆಯ ವಿಷಯಕ್ಕೆ ಜೋರಾಗಿ ಜಗಳವಾಡುತ್ತಿದ್ದರು.

ಹೊರಡುವಾಗ ಚೀಲ ತುಂಬ ಶೇಂಗಾ ಉಂಡಿ, ಎಳ್ಳಿನ ಉಂಡಿ ಕಟ್ಟಿಕೊಟ್ಟರು. ಸೊಲ್ಲಾಪುರದಿಂದ ಪುಣೆಯ ಬಸ್ಸು ಹಿಡಿದೆವು. ಇಂದಾಪುರದಲ್ಲಿ ಬಸ್ಸು ನಿಂತಿತು. ಎಲ್ಲರೂ ಚಹಾಕ್ಕೆ ಇಳಿದರು. ಮಗಳು ನಮ್ಮಿಬ್ಬರ ತೊಡೆಯ ಮೇಲೆ ಅಡ್ಡ ಮಲಗಿ ನಿದ್ದೆ ಹೋಗಿದ್ದಳು, ನಾವು ಇಳಿಯಲಿಲ್ಲ. ಕಿಟಕಿಯ ಹೊರಗೆ ಕಬ್ಬಿನ ಗಾಡಿಯೊಂದು ನಿಂತಿತ್ತು. ಅದನ್ನೇ ನೋಡುತ್ತ ಅತ್ತೆ ಹೇಳಿದರು,

"ನಾಳೆ ಮತ್ತ ಹಂಗೇ ಆದ್ರ, ಮತ್ತ ನಿಂದ್ರಸ್ತೀನಿ ಅಂವನ್ನ."

"ಹೌದ್ರಿ ಅತ್ತಿ" ಎಂದೆ.

"ಮತ್ತ ಅಳ್ತೀನಿ" ಎಂದರು. ಅವರು ಅತ್ತದ್ದನ್ನು ನಾನು ನೋಡಿಯೇ ಇರಲಿಲ್ಲ. ಯಾವಾಗ, ಎಲ್ಲಿ ಅತ್ತಿದ್ದರೋ. ಅದೂ ಎರಡೇ ಖೋಲಿಯ ಮನೆಯಲ್ಲಿ.

ಬಸ್ಸು ಹೊರಟಿತು. ಅತ್ತೆ ಮಗಳ ತಲೆಯ ಕೆಳಗೆ ಸೆರಗು ಮಡಚಿ ಇಟ್ಟು, ತಮ್ಮ ತಲೆಯನ್ನು ನನ್ನ ಹೆಗಲಿಗೆ ಒರಗಿಸಿದರು. ಅದಕ್ಕೆ ಮೊದಲು ಅವರು ಹಾಗೆ ಮಾಡಿದ್ದು ನೆನಪಿಲ್ಲ. ಎಷ್ಟೋ ವರ್ಷ ಕಾವಲು ಕಾದವರಿಗೆ ಬರುವಂಥ ನಿದ್ದೆ ಅವರ ದನಿಯಲ್ಲಿ ಆಗಲೇ ಬಂದಿತ್ತು.

"ಹಡಪಸರ ಬಂದ್ರ ಎಬ್ಬಸು, ಯವ್ವಾ."

ಹಡಪಸರ ಬರುವವರೆಗೂ ನಾನು ಹೆಗಲು ಅಲುಗಿಸಲಿಲ್ಲ. ಬಂದ ಮೇಲೆ ಎಬ್ಬಿಸಿದೆ.